ಬೇಳೆ ಒಲ್ಲದ ಬಾಣಂತಿ: ಅಮೋನಿಯಾ ತಲೆಗೇರಿದ ಒಂದು ಪ್ರಕರಣ

ಕಲಬುರಗಿ ಜಿಲ್ಲೆಯ ಒಂದು ಊರಿನ ಹೆಣ್ಣುಮಗಳ ಪ್ರಕರಣ ಇದು. ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ವಯಸ್ಸು ಮತ್ತು ಮನೆತನದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಗಳ ಹೆಸರೂ ಇಲ್ಲ. ಹುಟ್ಟಿನಿಂದ ಬರುವ ಚಯಾಪಚಯ ಕಾಯಿಲೆ (ತಿಂದದ್ದನ್ನು ಮೈ ಕರಗಿಸಿ ಬಳಸುವ ಕೆಲಸದಲ್ಲಿನ ದೋಷ) ಅಂದರೆ ಮಕ್ಕಳ ವಾರ್ಡಿನ ವಿಷಯ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿರುತ್ತಾರೆ. ದೊಡ್ಡವರ ವಾರ್ಡಿನಲ್ಲೂ ಅದು ಬಂದು ಮಲಗಿರುತ್ತದೆ, ಬೇರೆ ಹೆಸರಿಟ್ಟುಕೊಂಡು.

ಹಿನ್ನೆಲೆ

ಆಕೆಗೆ ಇಪ್ಪತ್ತೈದರ ಆಸುಪಾಸು. ಪಿಯುಸಿವರೆಗೆ ಓದಿದವರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ ಇತ್ತು. ಮೊದಲ ಹೆರಿಗೆಯಲ್ಲಿ ಗಂಡು ಮಗು ಹುಟ್ಟಿ ಮೂರನೇ ದಿನ ತೀರಿಹೋಗಿತ್ತು. ಹುಟ್ಟಿದಾಗ ಗಟ್ಟಿಮುಟ್ಟಾಗಿಯೇ ಇತ್ತಂತೆ. ಎರಡನೇ ದಿನ ಹಾಲು ಕುಡಿಯುವುದು ಬಿಟ್ಟಿತು, ಮಂಕಾಯಿತು, ಉಸಿರು ಜೋರಾಯಿತು. ಚೀಟಿಯಲ್ಲಿ ‘ಇನ್ಫೆಕ್ಷನ್’ ಅಂತ ಬರೆದಿತ್ತು. ಆಗ ಒಂದು ಪ್ರಶ್ನೆಯನ್ನೂ ಕೇಳಿದ್ದರು. ಸಂಬಂಧದಲ್ಲಿ ಮದುವೆಯಾ? ‘ಇಲ್ರಿ, ಹೊರಗಿನವರು’ ಅಂತ ಉತ್ತರ. ಅಲ್ಲಿಗೆ ವಂಶದ ವಿಚಾರ ಮುಗಿದಿತ್ತು.

ಸೋದರಮಾವನ ಜೊತೆ ಮದುವೆ, ಅತ್ತೆ ಮಗನ ಜೊತೆ ಮದುವೆ ನಮ್ಮ ಕಡೆ ಜಾಸ್ತಿ. ಹಾಗಾಗಿ ಈ ಪ್ರಶ್ನೆ ನಮಗೆ ಬಾಯಿಪಾಠ. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕಾದ ಕಾಯಿಲೆಗಳಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ತಾಯಿಯ ಎಕ್ಸ್ ಕ್ರೋಮೋಸೋಮಿನ ಮೇಲೆ ಬರುವ ಕಾಯಿಲೆಗೆ ಮದುವೆ ಒಳಗಾಯಿತೋ ಹೊರಗಾಯಿತೋ ಅನ್ನುವುದು ಲೆಕ್ಕಕ್ಕಿಲ್ಲ. ಅಲ್ಲಿ ಕೇಳಬೇಕಾದ್ದು ತವರಿನ ಕಡೆ ಗಂಡು ಕೂಸುಗಳು ಬದುಕಿದವಾ ಅಂತ.

ಎರಡನೇ ಹೆರಿಗೆ ಬೇಸಿಗೆಯ ನಡುವೆ ಆಯಿತು. ನಾರ್ಮಲ್ ಡೆಲಿವರಿ, ಹೆಣ್ಣು ಮಗು, 2.6 ಕೆಜಿ. ತಾಯಿ ಮಗು ತವರಿಗೆ ಹೋದರು.

ಸನ್ನಿ ಅಂದುಕೊಂಡ ದಿನಗಳು

ನಾಲ್ಕನೇ ದಿನ ತಲೆನೋವು, ವಾಂತಿ. ರಾತ್ರಿ ನಿದ್ದೆ ಇಲ್ಲ, ಸುಮ್ನೆ ಸಿಟ್ಟು. ಬಾಣಂತಿ ಚೆನ್ನಾಗಿ ಉಣ್ಣಬೇಕು ಅಂತ ತಾಯಿ ಎರಡು ಹೊತ್ತು ಹಾಲು, ಬೇಯಿಸಿದ ಮೊಟ್ಟೆ, ಶೇಂಗಾ ಹಿಂಡಿ, ಮೇಲೆ ಮೆಡಿಕಲ್ ಶಾಪಿನ ಪ್ರೋಟೀನ್ ಪೌಡರ್ ಕೊಡುತ್ತಿದ್ದರು. ಮಗಳು ಬೇಡ ಅಂತ ಮುಖ ತಿರುಗಿಸುತ್ತಿದ್ದರು. ಹಟ ಅಂದುಕೊಂಡು ಬಾಯಿಗೆ ಹಿಡಿದು ಕುಡಿಸಿದರು. ಆರನೇ ದಿನ ಆಕೆ ತಾನೇ ತಾನು ಗೊಣಗಲು ಶುರು ಮಾಡಿದರು. ಕೂಸನ್ನು ಹತ್ತಿರ ತಂದರೆ ದೂಡಿದರು. ಗಂಡ ಬಂದಾಗ ಯಾರು ಅಂತ ಗುರುತು ಹತ್ತಲಿಲ್ಲ.

ಏಳನೇ ದಿನ ಗಾಣಗಾಪುರಕ್ಕೆ ಕರೆದುಕೊಂಡು ಹೋದರು. ನಮ್ಮ ಭಾಗದಲ್ಲಿ ಬುದ್ಧಿ ಕೆಟ್ಟವರನ್ನು ಮೊದಲು ದತ್ತನ ಸನ್ನಿಧಿಗೆ ಒಯ್ಯುವುದು ರೂಢಿ, ಅದರಲ್ಲಿ ಆಶ್ಚರ್ಯ ಏನಿಲ್ಲ. ಅಲ್ಲಿ ಒಂದು ದಿನ ಉಪವಾಸ ಇಟ್ಟರು. ಎಂಟನೇ ದಿನ ಪೇಟೆಗೆ ಬಂದು ಒಬ್ಬ ಡಾಕ್ಟರಿಗೆ ತೋರಿಸಿದರು. ಬಾಣಂತಿ ಸನ್ನಿ ಅಂತ ಹೇಳಿ ಮಾತ್ರೆ ಕೊಟ್ಟರು. ಒಂಬತ್ತನೇ ದಿನ ಒಂದು ಸಲ ಫಿಟ್ಸ್ ಬಂತು. ವ್ಯಾಲ್ಪ್ರೋಯೇಟ್ ಸೇರಿಸಿದರು. ಫಿಟ್ಸಿಗೂ ಆಗುತ್ತದೆ, ಮನಸ್ಸಿನ ಏರಿಳಿತಕ್ಕೂ ಆಗುತ್ತದೆ ಅಂತ ದಿನವೂ ಎಷ್ಟೋ ಕಡೆ ಬರೆಯುವ ಔಷಧಿ ಅದು.

ಹನ್ನೊಂದನೇ ದಿನ ಕರೆದರೆ ಕಣ್ಣು ಬಿಡದ ಸ್ಥಿತಿಯಲ್ಲಿ ನಮ್ಮ ಆಸ್ಪತ್ರೆಗೆ ಬಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯವರೂ, ಮಾತ್ರೆ ಕೊಟ್ಟವರೂ ಒಂದೇ ಉತ್ತರಕ್ಕೆ ಬಂದು ನಿಂತಿದ್ದರು. ಅದು ಹುಚ್ಚು ಉತ್ತರವೇನಲ್ಲ. ಹೆರಿಗೆಯಾದ ಎರಡು ವಾರದೊಳಗೆ ಮನಸ್ಸು ಕೆಡುವುದು ನಿಜವಾಗಿಯೂ ಇದೆ. ಆದರೆ ಬರೀ ಮನಸ್ಸಿನ ಕಾಯಿಲೆಯಲ್ಲಿ ಪದೇ ಪದೇ ವಾಂತಿಯಾಗುವುದಿಲ್ಲ. ಬೆಳಿಗ್ಗೆ ಎಚ್ಚರ, ಮಧ್ಯಾಹ್ನ ಮಂಪರು, ಸಂಜೆ ಮತ್ತೆ ಮಾತು ಅಂತ ಎಚ್ಚರ ಏರಿಳಿಯುವುದಿಲ್ಲ. ಈ ಎರಡು ಕಂಡರೆ ಮೈಯಲ್ಲಿ ಏನೋ ಇದೆ ಅಂತ ಹಿಡಿದೇ ಮುಂದಕ್ಕೆ ಹೋಗಬೇಕು.

ಎಲ್ಲ ನಾರ್ಮಲ್

ಬಾಣಂತಿ, ತಲೆನೋವು, ಫಿಟ್ಸ್, ಮಂಪರು. ನಮ್ಮ ಭಾಗದ ಯಾವ ಡಾಕ್ಟರಿಗೂ ಮೊದಲು ನೆನಪಾಗುವುದು ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು. ಸಿಟಿ ಮಾಡಿಸಿದೆವು, ಎಂಆರ್‌ಐ ಜೊತೆ ಮಿದುಳಿನ ರಕ್ತನಾಳ ತೋರಿಸುವ ವೀನೋಗ್ರಾಮ್ ಮಾಡಿಸಿದೆವು. ಹೆಪ್ಪು ಇಲ್ಲ. ಬಿಪಿ ಸರಿ ಇದೆ, ಹಾಗಾಗಿ ಬಿಪಿ ಏರಿ ಫಿಟ್ಸ್ ತರುವ ಗರ್ಭಿಣಿಯರ ನಂಜೂ ಅಲ್ಲ. ಬೆನ್ನುಹುರಿಯ ನೀರು ತೆಗೆದು ನೋಡಿದೆವು, ಸ್ವಚ್ಛ. ಮಲೇರಿಯಾ ಇಲ್ಲ, ಡೆಂಗ್ಯೂ ಇಲ್ಲ. ಲಿವರ್ ಪರೀಕ್ಷೆಗಳು ಹೆಚ್ಚುಕಮ್ಮಿ ಸರಿ, ಹೊಟ್ಟೆಯ ಸ್ಕ್ಯಾನಿನಲ್ಲಿ ಲಿವರ್ ನುಣುಪಾಗಿದೆ. ವೈರಸ್ ಜ್ವರ ಮಿದುಳಿಗೆ ಹೋಗಿರಬಹುದು ಅಂತ ಅಸೈಕ್ಲೋವಿರ್ ಶುರುವಾಯಿತು. ಸ್ಟಿರಾಯ್ಡ್ ಕೊಡೋಣ ಅನ್ನುವ ಮಾತೂ ಬಂತು. ಅಷ್ಟರಲ್ಲಿ ಮೂಗಿನ ನಳಿಗೆಯಲ್ಲಿ ಎರಡು ಗಂಟೆಗೊಮ್ಮೆ ಹಾಲು ಮತ್ತು ಅದೇ ಪ್ರೋಟೀನ್ ಪೌಡರ್ ಹೋಗುತ್ತಿತ್ತು.

ಎರಡು ಅಂಕಿಗಳು ಮಾತ್ರ ಕಾಗದದ ಮೇಲೆ ಸುಮ್ಮನೆ ಕೂತಿದ್ದವು.

ಒಂದು, ಬ್ಲಡ್ ಯೂರಿಯಾ 8. ಪ್ರೋಟೀನ್ ಕರಗಿದ ಮೇಲೆ ಉಳಿದು ಮೂತ್ರದಲ್ಲಿ ಹೋಗುವ ಕಸ ಯೂರಿಯಾ. ಲ್ಯಾಬಿನ ಮಷಿನ್ ಅದರ ಪಕ್ಕ ‘ಕಡಿಮೆ’ ಅಂತ ಗುರುತು ಹಾಕಿತ್ತು. ಯೂರಿಯಾ ಏರಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಸುರಿನಲ್ಲಿ ಯೂರಿಯಾ ಸ್ವಲ್ಪ ಕಡಿಮೆಯೇ ಇರುತ್ತದೆ ಅಂತ ಸಮಾಧಾನವೂ ಸಿಗುತ್ತದೆ. ಆದರೆ ಹೆರಿಗೆಯಾಗಿ ಹನ್ನೊಂದು ದಿನವಾಗಿದೆ, ವಾಂತಿಯಾಗಿ ಮೈ ಒಣಗಿದೆ, ಹೊಟ್ಟೆಗೆ ಪ್ರೋಟೀನ್ ಬೀಳುತ್ತಿದೆ. ಈ ಹೊತ್ತಿಗೆ ಯೂರಿಯಾ ಏರಿರಬೇಕಿತ್ತು ಅಲ್ವಾ?

ಇನ್ನೊಂದು, ಉಸಿರು. ರಾತ್ರಿ ಪಾಳಿಯ ಸ್ಟಾಫ್ ನರ್ಸ್ ಚಾರ್ಟಿನಲ್ಲಿ ನಿಮಿಷಕ್ಕೆ 32 ಅಂತ ಬರೆದು, ಕೆಳಗೆ ‘ಜ್ವರ ಇಲ್ಲ, ಎದೆ ಸ್ವಚ್ಛ’ ಅಂತಲೂ ಸೇರಿಸಿದ್ದರು. ಆ ಒಂದು ಸಾಲು ನೋಡಿಯೇ ಡ್ಯೂಟಿ ಡಾಕ್ಟರ್ ರಕ್ತದ ಗ್ಯಾಸ್ ಪರೀಕ್ಷೆ ಮಾಡಿಸಿದ್ದು. ಪಿಎಚ್ 7.51, ಅಂದರೆ ರಕ್ತ ಕ್ಷಾರದ ಕಡೆ. ಇಂಗಾಲದ ಡೈಆಕ್ಸೈಡ್ 22, ಅಂದರೆ ಕಡಿಮೆ. ಕಿಡ್ನಿ ಕೆಟ್ಟು ಉಸಿರು ಜೋರಾದರೆ ರಕ್ತ ಆಮ್ಲದ ಕಡೆ ವಾಲಿರುತ್ತದೆ. ಇಲ್ಲಿ ಅದು ತಿರುಗಾಮುರುಗಾ. ಶ್ವಾಸಕೋಶಕ್ಕೆ ಏನೂ ಆಗಿಲ್ಲದೆ ಮಿದುಳೇ ಉಸಿರನ್ನು ಓಡಿಸುತ್ತಿದೆ ಅಂತ ಅದರ ಅರ್ಥ. ಹಾಗೆ ಓಡಿಸುವ ಮುಖ್ಯ ಕಾರಣಗಳಲ್ಲಿ ಅಮೋನಿಯಾ ಒಂದು.

ಮೂರ್ಛೆ, ವಾಂತಿ, ಓಡುವ ಉಸಿರು, ಇಳಿದ ಯೂರಿಯಾ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದರೆ ಅಮೋನಿಯಾ ನೋಡದೆ ಇರಲು ಆಗುವುದಿಲ್ಲ. ತೊಂದರೆ ಏನೆಂದರೆ ಅವು ನಾಲ್ಕು ಬೇರೆ ಬೇರೆ ಹಾಳೆಗಳಲ್ಲಿದ್ದವು.

ಮಂಜುಗಡ್ಡೆ

ಅಮೋನಿಯಾ ಪರೀಕ್ಷೆ ಹೇಳುವಷ್ಟು ಸುಲಭ ಅಲ್ಲ. ತೋಳಿಗೆ ಪಟ್ಟಿ ಬಿಗಿದು ಹೆಚ್ಚು ಹೊತ್ತು ಬಿಟ್ಟರೆ ಅಂಕಿ ಸುಳ್ಳು ಏರುತ್ತದೆ. ರಕ್ತವನ್ನು ಮಂಜಿನಲ್ಲಿಟ್ಟು ಹದಿನೈದು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಮಷಿನ್ನಿಗೆ ಹಾಕಬೇಕು. ಹೊರಗೆ 42 ಡಿಗ್ರಿ. ಪರೀಕ್ಷೆ ಮಾಡುವ ಲ್ಯಾಬ್ ಎರಡು ರಸ್ತೆ ಆಚೆ. ವಾರ್ಡಿನ ಫ್ರಿಜ್ಜಿನಲ್ಲಿ ಐಸ್ ಇರಲಿಲ್ಲ. ವಾರ್ಡ್ ಬಾಯ್ ಗೇಟಿನ ಹೊರಗಿನ ಕಬ್ಬಿನ ಹಾಲಿನ ಗಾಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಡು ತಂದ. ಅದನ್ನು ಲಸಿಕೆಯ ಡಬ್ಬಿಗೆ ಹಾಕಿ ಟ್ಯೂಬ್ ಹೂತು ಕಳಿಸಿದೆವು.

ಸಂಜೆ ಲ್ಯಾಬಿನಿಂದ ಫೋನ್ ಬಂತು. ‘396 ಬಂದಿದೆ ಸರ್, ಸ್ಯಾಂಪಲ್ ಕೆಟ್ಟಿರಬೇಕು, ಇನ್ನೊಂದು ಕಳಿಸಿ.’

ಇದೇ ಈ ಪ್ರಕರಣದ ದೊಡ್ಡ ತಿರುವು. ಸ್ಯಾಂಪಲ್ ಕೆಟ್ಟಿರಬಹುದು ಅನ್ನುವುದು ನ್ಯಾಯವಾದ ಅನುಮಾನ. ಎರಡನೇ ರಿಪೋರ್ಟ್ ಬರುವವರೆಗೆ ಕಾಯಬೇಕೋ, ಮೊದಲನೆಯದನ್ನೇ ನಂಬಿ ಕೈ ಹಾಕಬೇಕೋ? ಎರಡನೇ ಸ್ಯಾಂಪಲ್ ಕಳಿಸಿದೆವು, ಆದರೆ ಕಾಯಲಿಲ್ಲ. ಆ ಕ್ಷಣವೇ ಪ್ರೋಟೀನ್ ನಿಲ್ಲಿಸಿದೆವು, ವ್ಯಾಲ್ಪ್ರೋಯೇಟ್ ನಿಲ್ಲಿಸಿ ಫಿಟ್ಸಿಗೆ ಲೆವೆಟಿರಾಸೆಟಮ್ ಹಾಕಿದೆವು, ಶೇ. 10ರ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ಡ್ರಿಪ್ ಹಚ್ಚಿದೆವು. ಅನುಮಾನ ಸುಳ್ಳಾಗಿದ್ದರೆ ಇದರಿಂದ ರೋಗಿಗೆ ಆಗುವ ನಷ್ಟ ಹೆಚ್ಚುಕಮ್ಮಿ ಏನೂ ಇಲ್ಲ. ನಿಜವಾಗಿದ್ದು ಕಾಯುತ್ತಾ ಕೂತಿದ್ದರೆ ಪ್ರತಿ ಗಂಟೆಯೂ ಮಿದುಳಿನ ಲೆಕ್ಕಕ್ಕೆ ಬೀಳುತ್ತಿತ್ತು.

ಎರಡನೇ ರಿಪೋರ್ಟ್ 412.

ಇಲ್ಲೊಂದು ಗೊಂದಲ ತಪ್ಪಿಸಿಕೊಳ್ಳಬೇಕು. ನಮ್ಮ ಲ್ಯಾಬ್‌ಗಳು ಮೈಕ್ರೋಗ್ರಾಮ್ ಲೆಕ್ಕದಲ್ಲಿ ಕೊಡುತ್ತವೆ, ಪುಸ್ತಕಗಳು ಮೈಕ್ರೋಮೋಲ್ ಲೆಕ್ಕದಲ್ಲಿ ಹೇಳುತ್ತವೆ. 1.7ರಿಂದ ಭಾಗಿಸಿದರೆ 412 ಅನ್ನುವುದು 242 ಮೈಕ್ರೋಮೋಲ್ ಆಗುತ್ತದೆ. ದೊಡ್ಡವರಲ್ಲಿ ಅದು 50 ದಾಟಬಾರದು.

ಅಮೋನಿಯಾ ಎಲ್ಲಿಂದ ಬಂತು

ನಾವು ತಿಂದ ಪ್ರೋಟೀನ್ ಕರಗಿದಾಗ ಅಮೋನಿಯಾ ಹುಟ್ಟುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಈ ಸುತ್ತನ್ನು 1932ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ಕಂಡುಹಿಡಿದರು. ಸುತ್ತಿನ ಒಂದು ಮೆಟ್ಟಿಲಿನಲ್ಲಿ ಒಟಿಸಿ ಅನ್ನುವ ಕಿಣ್ವ ಕೆಲಸ ಮಾಡುತ್ತದೆ. ಪೂರ್ತಿ ಹೆಸರು ಆರ್ನಿಥೀನ್ ಟ್ರಾನ್ಸ್‌ಕಾರ್ಬಮೈಲೇಸ್. ಅದರ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಿಗೆ ಇರುವುದು ಒಂದೇ ಎಕ್ಸ್. ಅದು ಪೂರ್ತಿ ಕೆಟ್ಟಿದ್ದರೆ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅಮೋನಿಯಾದಿಂದ ಮುಳುಗುತ್ತದೆ. ಹೆಣ್ಣಿಗೆ ಎರಡು ಎಕ್ಸ್. ಲಿವರಿನ ಒಂದೊಂದು ಜೀವಕೋಶವೂ ಎರಡರಲ್ಲಿ ಒಂದನ್ನು ಮುಚ್ಚಿಡುತ್ತದೆ. ಒಳ್ಳೆಯದನ್ನು ಮುಚ್ಚಿದ ಕೋಶಗಳು ಜಾಸ್ತಿಯಾದರೆ ಕಾಯಿಲೆ ತಲೆ ಎತ್ತುತ್ತದೆ. ಜೀನ್ ಹೊತ್ತ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ಬದುಕಿನಲ್ಲಿ ಯಾವಾಗಲಾದರೂ ಅಮೋನಿಯಾ ಏರುತ್ತದೆ ಅನ್ನುವುದು ಪುಸ್ತಕಗಳು ಕೊಡುವ ಲೆಕ್ಕ.

ಹೆರಿಗೆಯ ನಂತರವೇ ಯಾಕೆ? ಹೆರಿಗೆಯಾದ ಹೊತ್ತಿಗೆ ಗರ್ಭಕೋಶದ ತೂಕ ಸುಮಾರು ಒಂದು ಕೆಜಿ. ಆರು ವಾರದಲ್ಲಿ ಅದು ನೂರು ಗ್ರಾಮಿಗೂ ಕಡಿಮೆಗೆ ಇಳಿಯುತ್ತದೆ. ಅಷ್ಟು ಮಾಂಸ ಒಳಗೇ ಕರಗಬೇಕು. ಕರಗಿದ್ದೆಲ್ಲ ಲಿವರಿಗೆ ಬಂದು ಬೀಳುತ್ತದೆ. ಅದರ ಮೇಲೆ ಪ್ರೋಟೀನ್ ಪೌಡರ್, ಉಪವಾಸ, ವ್ಯಾಲ್ಪ್ರೋಯೇಟ್. ಉಪವಾಸದಲ್ಲಿ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ವ್ಯಾಲ್ಪ್ರೋಯೇಟ್ ಯೂರಿಯಾ ಸುತ್ತನ್ನೇ ತಡೆಯುತ್ತದೆ. ಸ್ಟಿರಾಯ್ಡ್ ಕೊಟ್ಟಿದ್ದರೆ ಅದೂ ಪ್ರೋಟೀನ್ ಕರಗಿಸುತ್ತಿತ್ತು.

ಮಿದುಳಿನ ಒಳಗೆ ಆಗುವುದು ಇಷ್ಟು. ಅಲ್ಲಿನ ಆಸ್ಟ್ರೋಸೈಟ್ ಅನ್ನುವ ಕೋಶಗಳು ಅಮೋನಿಯಾವನ್ನು ಹಿಡಿದು ಗ್ಲುಟಮೀನ್ ಮಾಡುತ್ತವೆ. ಗ್ಲುಟಮೀನ್ ನೀರು ಎಳೆಯುತ್ತದೆ. ಕೋಶಗಳು ನೆನೆಹಾಕಿದ ಬೇಳೆಯ ಹಾಗೆ ಉಬ್ಬುತ್ತವೆ. ತಲೆಬುರುಡೆಯಲ್ಲಿ ಜಾಗ ಇಲ್ಲ. ಒತ್ತಡ ಏರುತ್ತದೆ.

ತವರಿನ ಕಥೆ

ಡಯಾಲಿಸಿಸ್ ಬೇಕು ಅಂತ ನಿರ್ಧಾರವಾದಾಗ ಗಂಡ ಕೇಳಿದರು, ‘ಕಿಡ್ನಿ ಛಲೋ ಅದ ಅಂದ್ರಿ ಸರ್, ಮತ್ತ ಡಯಾಲಿಸಿಸ್ ಯಾಕ್ರಿ?’ ಡಯಾಲಿಸಿಸ್ ಮಾಡುವ ಹುಡುಗನಿಗೂ ಅದೇ ಪ್ರಶ್ನೆ. ಕ್ರಿಯಾಟಿನಿನ್ 0.6 ಇರುವ, ಅಂದರೆ ಕಿಡ್ನಿ ಸರಿ ಇರುವ ರೋಗಿಯನ್ನು ಅವನು ಅಲ್ಲಿವರೆಗೆ ಮಷಿನ್ನಿಗೆ ಹಾಕಿರಲಿಲ್ಲ. ಅಮೋನಿಯಾ ಸಣ್ಣ ಕಣ, ಡಯಾಲಿಸಿಸ್ ಅದನ್ನು ಬೇಗ ಹೊರಗೆ ಹಾಕುತ್ತದೆ ಅಂತ ಇಬ್ಬರಿಗೂ ಹೇಳಿದೆವು.

ಮಷಿನ್ ಹಚ್ಚುವ ಮೊದಲು ಒಂದು ಕೆಲಸ ಮಾಡಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು. ಸ್ವಲ್ಪ ರಕ್ತ, ಸ್ವಲ್ಪ ಮೂತ್ರ ತೆಗೆದು ಫ್ರೀಜರಿನಲ್ಲಿಟ್ಟೆವು. ಚಿಕಿತ್ಸೆ ಶುರುವಾದ ಮೇಲೆ ತೆಗೆದ ಸ್ಯಾಂಪಲ್ಲಿನಲ್ಲಿ ಸುಳಿವು ಮಸುಕಾಗಿಬಿಡುತ್ತದೆ.

ಡಯಾಲಿಸಿಸ್ ನಡೆಯುವಾಗ ಹೊರಗೆ ಬೆಂಚಿನ ಮೇಲೆ ತಾಯಿ, ಅಜ್ಜಿ ಕೂತಿದ್ದರು. ಊಟದ ಬಗ್ಗೆ ಕೇಳಿದೆ. ತಾಯಿ ಹೇಳಿದರು, ‘ಆಕಿ ಸಣ್ಣಾಕಿ ಇದ್ದಾಗಿಂದ ಬ್ಯಾಳಿ ಉಣ್ಣಂಗಿಲ್ರಿ. ಉಂಡ್ರ ತಲಿ ಹಿಡಕೊಂಡು ಮಲಗ್ತಾಳ.’ ತೊಗರಿಯ ಕಣಜ ಅಂತ ಕರೆಸಿಕೊಳ್ಳುವ ಜಿಲ್ಲೆ ಇದು. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಇಂಥ ನೆಲದಲ್ಲಿ ಹುಟ್ಟಿದ ಹುಡುಗಿ ರೊಟ್ಟಿಗೆ ಪುಂಡಿಪಲ್ಯ, ಚಟ್ನಿ ಅಷ್ಟೇ ಹಚ್ಚಿಕೊಂಡು ಬೆಳೆದಿದ್ದಳು. ಹಬ್ಬದ ದಿನ ಹೋಳಿಗೆ ಕೂಡ ಬೇಡ ಅನ್ನುತ್ತಿದ್ದಳು. ಮನೆಯಲ್ಲಿ ನಕ್ಕು ಬಿಟ್ಟಿದ್ದರು. ಈ ಕಾಯಿಲೆ ಇರುವ ಎಷ್ಟೋ ಮಂದಿ ಯಾರೂ ಹೇಳಿಕೊಡದೆಯೇ ಪ್ರೋಟೀನ್ ಬಿಟ್ಟು ಬೆಳೆಯುತ್ತಾರೆ. ನಾಲಿಗೆ ಒಲ್ಲೆ ಅಂದಿದ್ದನ್ನು ಇಪ್ಪತ್ತು ವರ್ಷ ಪಾಲಿಸಿದವರಿಗೆ ಬಾಣಂತನದಲ್ಲಿ ಮಾತ್ರ ಬಲವಂತ ಮಾಡಿ ಕುಡಿಸಲಾಗಿತ್ತು.

ಗಂಡು ಕೂಸುಗಳ ಬಗ್ಗೆ ಕೇಳಿದೆ. ತಾಯಿ ಸುಮ್ಮನಾದರು. ಅಜ್ಜಿ ಉತ್ತರ ಕೊಟ್ಟರು, ‘ನಮ್ಮ ಮನ್ಯಾಗ ಗಂಡು ಕೂಸು ದಕ್ಕಂಗಿಲ್ಲಪ್ಪ.’ ತಾಯಿಯ ಮೊದಲ ಮಗ ನಾಲ್ಕನೇ ದಿನ. ತಾಯಿಯ ತಂಗಿಯ ಮಗ ಮೂರನೇ ದಿನ. ಈಗ ಮೊಮ್ಮಗಳ ಮಗ ಮೂರನೇ ದಿನ. ಮೂರೂ ಹುಟ್ಟಿದಾಗ ದುಂಡಗಿದ್ದ ಕೂಸುಗಳು. ಮನೆತನಕ್ಕೆ ಯಾರದೋ ಶಾಪ ಅಂತ ಅಜ್ಜಿ ಎಂದೋ ತೀರ್ಮಾನಿಸಿದ್ದರು. ಚಾರ್ಟಿನ ಹಿಂದೆ ಪೆನ್ನಿನಲ್ಲಿ ವಂಶವೃಕ್ಷ ಬರೆದಾಗ ಸತ್ತ ಕೂಸುಗಳೆಲ್ಲ ಗಂಡು, ಎಲ್ಲವೂ ಹೆಣ್ಣುಮಕ್ಕಳ ಹೊಟ್ಟೆಯವು. ಜೀನ್ ಪರೀಕ್ಷೆಯ ರಿಪೋರ್ಟ್ ವಾರಗಳ ನಂತರ ಬಂತು. ಕಾಯಿಲೆಯ ಹೆಸರು ಒಟಿಸಿ ಕೊರತೆ ಅಂತ ನಮಗೆ ಅವತ್ತೇ ಗೊತ್ತಾಗಿತ್ತು.

ಔಷಧಿ ಹುಡುಕಿದ್ದು

ಸೋಡಿಯಂ ಬೆಂಜೋಯೇಟ್ ಬೇಕಿತ್ತು. ಶರಬತ್ತು, ಉಪ್ಪಿನಕಾಯಿ ಕೆಡದಿರಲಿ ಅಂತ ಹಾಕುವ ಅದೇ ವಸ್ತು. ಔಷಧಿ ದರ್ಜೆಯದು ದೇಹದ ಗ್ಲೈಸಿನ್ ಅನ್ನುವ ಅಮೈನೋ ಆಮ್ಲದ ಜೊತೆ ಕೂಡಿ ಮೂತ್ರದಲ್ಲಿ ಹೋಗುವಾಗ, ಅಮೋನಿಯಾ ಆಗಬಹುದಾದ ಸಾರಜನಕವನ್ನೂ ಹೊತ್ತೊಯ್ಯುತ್ತದೆ. ಯೂರಿಯಾ ದಾರಿ ಮುಚ್ಚಿದ್ದರೆ ಇದು ಹಿತ್ತಿಲ ಬಾಗಿಲು. ಕಲಬುರಗಿಯಲ್ಲಿ ಸಿಗಲಿಲ್ಲ. ಆಕೆಯ ಮೈದುನ ಹೈದರಾಬಾದಿಗೆ ಹೋಗಿ ತಂದರು. ಯೂರಿಯಾ ಸುತ್ತಿಗೆ ಒತ್ತಾಸೆ ಕೊಡುವ ಆರ್ಜಿನೈನ್ ಕೂಡ ಬೇಕಿತ್ತು. ಅದಕ್ಕೆ ಅಲೆಯಬೇಕಾಗಲಿಲ್ಲ, ಹೊಟ್ಟೆಯಲ್ಲಿ ಕೂಸು ಬೆಳೆಯುತ್ತಿಲ್ಲ ಅಂತ ಗರ್ಭಿಣಿಯರಿಗೆ ಬರೆಯುವ ಆರ್ಜಿನೈನ್ ಪುಡಿ ಆಸ್ಪತ್ರೆ ಎದುರಿನ ಅಂಗಡಿಯಲ್ಲೇ ಇತ್ತು.

ಎರಡು ಸಲ ಡಯಾಲಿಸಿಸ್ ಆಯಿತು. ಅಮೋನಿಯಾ 70 ಮೈಕ್ರೋಮೋಲಿಗೆ ಇಳಿಯಿತು. ಪ್ರೋಟೀನನ್ನು ಎರಡು ದಿನಕ್ಕಿಂತ ಹೆಚ್ಚು ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ಮೈ ತನ್ನದನ್ನೇ ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಮಾರನೇ ದಿನದಿಂದಲೇ ಚೂರು ಚೂರು ಸೇರಿಸಿದೆವು. ಮೂರನೇ ದಿನ ಆಕೆ ಕಣ್ಣು ಬಿಟ್ಟು ನೀರು ಕೇಳಿದರು. ಐದನೇ ದಿನ ಕೂಸು ಎಲ್ಲಿ ಅಂದರು.

ಫ್ರೀಜರಿನ ಸ್ಯಾಂಪಲ್‌ಗಳ ಉತ್ತರವೂ ಬಂತು. ಗ್ಲುಟಮೀನ್ ಏರಿತ್ತು, ಒಟಿಸಿ ತಯಾರಿಸಬೇಕಾದ ಸಿಟ್ರುಲಿನ್ ಇಳಿದಿತ್ತು, ಆ ಮೆಟ್ಟಿಲು ನಿಂತಾಗ ಉಕ್ಕುವ ಒರೋಟಿಕ್ ಆಮ್ಲ ಮೂತ್ರದಲ್ಲಿ ಜಾಸ್ತಿ ಇತ್ತು. ಮೂರೂ ಸೇರಿದರೆ ಒಟಿಸಿ ಕೊರತೆ.

ಅದೇ ಎಂಆರ್‌ಐ, ಬೇರೆ ಪ್ರಶ್ನೆ

ಮೊದಲ ದಿನದ ಎಂಆರ್‌ಐ ‘ನಾರ್ಮಲ್’ ಅಂತ ಬಂದಿತ್ತು. ನಾವು ಕೇಳಿದ್ದು ಹೆಪ್ಪು ಇದೆಯಾ ಅಂತ. ಇಲ್ಲ ಅಂತ ಉತ್ತರ ಬಂತು. ಅಮೋನಿಯಾ ರಿಪೋರ್ಟ್ ಬಂದ ಮೇಲೆ ಅದೇ ಫಿಲ್ಮುಗಳನ್ನು ರೇಡಿಯಾಲಜಿಸ್ಟ್ ಹತ್ತಿರ ಒಯ್ದು ಇನ್ಸುಲಾ, ಸಿಂಗ್ಯುಲೇಟ್ ನೋಡಿ ಅಂತ ಕೇಳಿದೆವು. ಅಮೋನಿಯಾದ ಪೆಟ್ಟು ಮೊದಲು ಬೀಳುವುದು ಮಿದುಳಿನ ಈ ಎರಡು ಕಡೆ, ಎಡಕ್ಕೂ ಬಲಕ್ಕೂ ಸಮನಾಗಿ. ಡಿಫ್ಯೂಷನ್ ಚಿತ್ರದಲ್ಲಿ ಎರಡೂ ಬದಿ ತೆಳುವಾದ ಬಿಳಿ ಇತ್ತು. ಎರಡೂ ಬದಿ ಒಂದೇ ಥರ ಇದ್ದರೆ ಕಣ್ಣಿಗೆ ಹೋಲಿಸಲು ಏನೂ ಸಿಗುವುದಿಲ್ಲ, ತಪ್ಪಿಹೋಗುವುದು ಸುಲಭ. ಅಂದಿನಿಂದ ಎಂಆರ್‌ಐ ಚೀಟಿಯಲ್ಲಿ ನಾವು ಬರೀ ‘ಮಂಪರು’ ಅಂತ ಬರೆಯುವುದಿಲ್ಲ, ಅನುಮಾನ ಏನು ಅಂತಲೂ ಬರೆಯುತ್ತೇವೆ.

ಮೊದಲಿನ ಆಕಿ ಅಲ್ರಿ

ಡಿಸ್ಚಾರ್ಜ್ ಸಾರಾಂಶದಲ್ಲಿ ‘ಪೂರ್ತಿ ಗುಣ’ ಅಂತ ಬರೆಯಲಾಗಿತ್ತು. ಮೂರು ತಿಂಗಳ ನಂತರದ ಎಂಆರ್‌ಐಯಲ್ಲಿ ಬಿಳಿ ಹೋಗಿತ್ತು. ಹೊರರೋಗಿ ವಿಭಾಗದಲ್ಲಿ ನೋಡಿದರೆ ಚೆನ್ನಾಗಿ ಮಾತಾಡುತ್ತಾರೆ, ನಗುತ್ತಾರೆ. ಇವತ್ತು ಯಾವ ವಾರ, ಯಾವ ಊರು, ಮೂರು ವಸ್ತು ನೆನಪಿಟ್ಟುಕೊಂಡು ಹೇಳಿ ಅನ್ನುವ ಸಣ್ಣ ಪರೀಕ್ಷೆಯಲ್ಲಿ 30ಕ್ಕೆ 28.

ಬಾಗಿಲ ಹತ್ತಿರ ಹೋಗಿದ್ದ ಗಂಡ ತಿರುಗಿ ಬಂದು ಹೇಳಿದರು, ‘ಎಲ್ಲಾ ಆರಾಮ ಅದಾಳ್ರಿ. ಆದ್ರ ಮೊದಲಿನ ಆಕಿ ಅಲ್ರಿ.’

ಏನು ಮೊದಲಿನ ಹಾಗಿಲ್ಲ ಅಂತ ಕೂರಿಸಿ ಕೇಳಿದಾಗ ವಿವರ ಬಂತು. ಮೊದಲು ಗಿರಾಕಿ ಜೊತೆ ಮಾತಾಡುತ್ತಲೇ ಬಟ್ಟೆ ಕತ್ತರಿಸುತ್ತಿದ್ದರು. ಈಗ ಯಾರಾದರೂ ಮಾತಾಡಿಸಿದರೆ ಕತ್ತರಿ ನಿಲ್ಲುತ್ತದೆ, ಅಳತೆ ಮರೆಯುತ್ತದೆ. ಒಂದೇ ವಾರದಲ್ಲಿ ಎರಡು ಬ್ಲೌಸ್ ತೋಳು ಕೆಟ್ಟಿತ್ತು. ಸಂಘದ ಪುಸ್ತಕ ಇನ್ನೂ ಸ್ಪಷ್ಟ. ಸಭೆಯಲ್ಲಿ ಹೆಂಗಸರು ಒಟ್ಟಿಗೆ ದುಡ್ಡು ಕೊಟ್ಟು ಮಾತಾಡತೊಡಗಿದರೆ ಒಬ್ಬರ ಕಂತು ಇನ್ನೊಬ್ಬರ ಕಾಲಮ್ಮಿಗೆ ಹೋಗುತ್ತದೆ. ಪುಸ್ತಕವನ್ನೇ ತರಿಸಿ ನೋಡಿದೆವು. ಹೆರಿಗೆಗೆ ಮುಂಚಿನ ಪುಟಗಳಲ್ಲಿ ಒಂದು ತಿದ್ದುಪಡಿಯೂ ಇಲ್ಲ. ಈಚಿನ ಪುಟಗಳಲ್ಲಿ ಸಾಲು ಸಾಲು ಗೀಟು, ಮೇಲೆ ಮತ್ತೆ ಬರೆದ ಅಂಕಿ. ಒಬ್ಬರೇ ಕೂತು ರಾತ್ರಿ ಬರೆದ ಪುಟ ಮಾತ್ರ ಹಳೆಯದರ ಹಾಗೆ ಸ್ವಚ್ಛ.

ಒಟಿಸಿ ಕೊರತೆಯ ಜೀನ್ ಹೊತ್ತ ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನಗಳು ತೋರಿಸಿರುವುದೂ ಇದನ್ನೇ. ಸುಲಭದ ಕೆಲಸದಲ್ಲಿ ಅವರು ಎಲ್ಲರಂತೆ. ಬುದ್ಧಿಮತ್ತೆಯ ಒಟ್ಟು ಅಂಕವೂ ಸರಿ ಇರುತ್ತದೆ. ಕೆಲಸದ ಹೊರೆ ಏರಿದಾಗ, ಎರಡು ವಿಷಯ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಬೇಕಾದಾಗ ಕುಂದು ಹೊರಗೆ ಬರುತ್ತದೆ. 30 ಅಂಕದ ಪರೀಕ್ಷೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಆದ್ದರಿಂದ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದೆವು. ಒಂದರಿಂದ ‘ಅ’, ಎರಡರಿಂದ ‘ಆ’ ಅಂತ ಅಂಕಿ, ಅಕ್ಷರ ಅದಲುಬದಲಾಗಿ ಗೆರೆ ಎಳೆಸಿದೆವು. ಬರೀ ಅಂಕಿಗಳ ಗೆರೆ ಚಕಚಕನೆ ಮುಗಿಸಿದವರು ಇಲ್ಲಿ ನಡುವೆ ನಿಂತರು, ಬೆವರಿದರು.

ಸುಸ್ತು, ನಿದ್ದೆಗೇಡು, ಬಾಣಂತನದ ಬೇಸರ ಅಂತ ಬಿಡಬಹುದಿತ್ತು. ಎರಡನೇ ದೊಡ್ಡ ನಿರ್ಧಾರ ಇಲ್ಲಿ ಆಯಿತು. ಇದನ್ನೂ ಅಮೋನಿಯಾದ ಕೆಲಸ ಅಂತಲೇ ಹಿಡಿದು ಹುಡುಕುವುದು. ಹೈದರಾಬಾದಿನಲ್ಲಿ ಎಂಆರ್ ಸ್ಪೆಕ್ಟ್ರೋಸ್ಕೋಪಿ ಮಾಡಿಸಿದೆವು. ಮಿದುಳಿನ ಆಕಾರ ಬಿಟ್ಟು ಅದರೊಳಗಿನ ರಾಸಾಯನಿಕಗಳ ಪ್ರಮಾಣವನ್ನು ಅದು ತೋರಿಸುತ್ತದೆ. ಗ್ಲುಟಮೀನ್ ಶಿಖರ ಎತ್ತರ ಇತ್ತು, ಉಬ್ಬು ತಡೆಯಲು ಕೋಶಗಳು ಹೊರಹಾಕುವ ಮಯೋ ಇನಾಸಿಟಾಲ್ ತಗ್ಗಿತ್ತು. ಎಂಆರ್‌ಐ ಚಿತ್ರ ಸ್ವಚ್ಛ ಇದ್ದಾಗಲೂ ಕೋಶಗಳು ಇನ್ನೂ ಅಮೋನಿಯಾದ ಜೊತೆ ಗುದ್ದಾಡುತ್ತಿದ್ದವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಅಮೋನಿಯಾ ಸರಿ ಇತ್ತು. ಮಧ್ಯಾಹ್ನದ ಊಟದ ನಂತರ ತೆಗೆದಾಗ 88 ಮೈಕ್ರೋಮೋಲ್. ದಿನವೂ ಮಧ್ಯಾಹ್ನದ ಮೇಲೆ ಏರಿ ರಾತ್ರಿ ಇಳಿಯುತ್ತಿತ್ತು. ಬ್ಲೌಸ್ ಕೆಟ್ಟಿದ್ದೂ ಮಧ್ಯಾಹ್ನವೇ.

ಪ್ರೋಟೀನನ್ನು ಮೂರು ಹೊತ್ತಿಗೆ ಹಂಚಿದೆವು. ಔಷಧಿಯ ಪ್ರಮಾಣ, ಹೊತ್ತು ಬದಲಿಸಿದೆವು. ಕೆಲವು ತಿಂಗಳಲ್ಲಿ ಸಂಘದ ಪುಸ್ತಕದ ಗೀಟುಗಳು ಕಡಿಮೆಯಾದವು. ಪೂರ್ತಿ ಹೋಗಿಲ್ಲ. ಕತ್ತರಿಸುವ ಕೆಲಸವನ್ನು ಆಕೆ ಈಗ ಬೆಳಗಿನ ಹೊತ್ತು, ಬಾಗಿಲು ಮುಚ್ಚಿಕೊಂಡು ಮಾಡುತ್ತಾರೆ. ಆ ಉಪಾಯ ಅವರದೇ, ನಾವು ಹೇಳಿದ್ದಲ್ಲ.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಮಿದುಳಿಗೆ ಬಿದ್ದ ಪೆಟ್ಟನ್ನು ಮೊದಲ ಸಲ ತೋರಿಸಿದ್ದು ನರ್ಸಿನ ಒಂದು ಸಾಲು, ಎರಡನೇ ಸಲ ಸಂಘದ ಲೆಕ್ಕದ ಪುಸ್ತಕ. ದೊಡ್ಡ ಮಷಿನ್‌ಗಳು ಎರಡೂ ಸಲ ಹಿಂದಿನಿಂದ ಬಂದು ಹೌದು ಅಂದವು. ರೋಗಿ ಮೊದಲು ಏನು ಮಾಡುತ್ತಿದ್ದರು, ಈಗ ಅದರಲ್ಲಿ ಏನು ಆಗುತ್ತಿಲ್ಲ ಅಂತ ಕೇಳದೆ ‘ಗುಣ’ ಅಂತ ಬರೆಯುವುದು ಅವಸರ.

ಮಗು, ಅಕ್ಕ, ಚಿಕ್ಕಮ್ಮನ ಮಕ್ಕಳು

ಮಗುವಿನ ಜೀನ್ ಪರೀಕ್ಷೆಯಲ್ಲಿ ತಾಯಿಯ ಬದಲಾವಣೆಯೇ ಸಿಕ್ಕಿತು. ಈಗ ಆರೋಗ್ಯವಾಗಿದ್ದಾಳೆ, ಅಮೋನಿಯಾ ಸರಿ ಇದೆ. ತಾಯಿ ಮಗಳು ಇಬ್ಬರಿಗೂ ಒಂದೊಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ಕೊಟ್ಟಿದ್ದೇವೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ವಾಂತಿ, ಜ್ವರ, ಮಂಕು ಇದ್ದರೆ ಮೊದಲು ಗ್ಲೂಕೋಸ್ ಹಚ್ಚಿ, ಅಮೋನಿಯಾ ನೋಡಿ, ವ್ಯಾಲ್ಪ್ರೋಯೇಟ್ ಬೇಡ, ಉಪವಾಸ ಬೇಡ. ಮಧ್ಯರಾತ್ರಿ ತಾಲೂಕು ಆಸ್ಪತ್ರೆಯಲ್ಲಿ ಹೊಸ ಡ್ಯೂಟಿ ಡಾಕ್ಟರಿಗೆ ಕಾಯಿಲೆಯ ಹೆಸರು ಹೇಳಿ ತಿಳಿಸುವುದಕ್ಕಿಂತ ಕಾರ್ಡ್ ತೋರಿಸುವುದು ಸುಲಭ.

ಆಕೆಯ ಅಕ್ಕ ಆಗ ಏಳು ತಿಂಗಳ ಬಸುರಿ. ಪರೀಕ್ಷೆಯಲ್ಲಿ ಅವರೂ ಜೀನ್ ಹೊತ್ತವರು ಅಂತ ಬಂತು. ಬಸುರಿನ ಮೊದಲ ಮೂರು ತಿಂಗಳ ಕೊನೆಗೆ ಗೊತ್ತಾಗಿದ್ದರೆ ಮಾಸಿನ ಚೂರು ತೆಗೆದು ಪರೀಕ್ಷಿಸಬಹುದಿತ್ತು. ಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆ ಲಿಂಗಕ್ಕೆ ಅಂಟಿದ ಆನುವಂಶಿಕ ಕಾಯಿಲೆಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಡುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ, ಭಯಕ್ಕೆ ಕೇಳುವುದೂ ಇಲ್ಲ. ಏಳು ತಿಂಗಳಲ್ಲಿ ಉಳಿದ ದಾರಿ ಒಂದೇ, ಕೂಸು ಹುಟ್ಟುವ ಮೊದಲೇ ತಯಾರಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳು ಬೆಂಗಳೂರಿನಲ್ಲೂ ಇವೆ, ಹೈದರಾಬಾದಿನಲ್ಲೂ ಇವೆ. ಕಲಬುರಗಿಯವರಿಗೆ ಹೈದರಾಬಾದ್ ಹತ್ತಿರ. ಹೆರಿಗೆ ಅಲ್ಲೇ ಆಯಿತು. ಗಂಡು ಮಗು. ಮೊದಲ ದಿನದಿಂದಲೇ ಅಮೋನಿಯಾ ನೋಡುತ್ತಾ ಬಂದರು, ಏರಲಿಲ್ಲ. ಜೀನ್ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲ ಅಂತ ಬಂತು. ಅಕ್ಕನನ್ನೂ ಹೆರಿಗೆಯ ನಂತರ ಎರಡು ವಾರ ಅಲ್ಲೇ ಇಟ್ಟುಕೊಂಡರು.

ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳು ಮಾತ್ರ ಇನ್ನೂ ಪರೀಕ್ಷೆಗೆ ಬಂದಿಲ್ಲ. ಒಬ್ಬಳಿಗೆ ಮದುವೆ ಮಾತು ನಡೆದಿದೆ. ರಿಪೋರ್ಟಿನಲ್ಲಿ ಏನಾದರೂ ಬಂದರೆ ಸಂಬಂಧ ಮುರಿಯುತ್ತದೆ ಅಂತ ಮನೆಯವರು ಈಗ ಬೇಡ ಅಂದಿದ್ದಾರೆ. ಅವಳು ಬೇಳೆ ಉಣ್ಣುತ್ತಾಳಾ ಅಂತ ಫೋನಿನಲ್ಲಿ ಕೇಳಿದೆ. ‘ಅದೆಲ್ಲ ಲಗ್ನ ಆದ ಮ್ಯಾಲ ನೋಡೋಣ್ರಿ’ ಅಂದರು. ಆ ಕಾರ್ಡಿನ ಒಂದು ಪ್ರತಿಯನ್ನು ಹೆಸರು ಬರೆಯದೆ ಅವರ ಮನೆಗೂ ಕಳಿಸಿದ್ದೇವೆ.